ಲಾನ್ ಮಿಷನ್ ಕೊಳ್ಳುವ ಮುನ್ನ ಅಂಗಳಕ್ಕೆ ಟೇಪ್ ಹಿಡಿಯಿರಿ

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಕಡೆ ಹುಲ್ಲಿಗೆ ಸುಗ್ಗಿ. ಇವತ್ತು ಸಮ ಮಾಡಿದ ಲಾನ್ ವಾರ ಕಳೆಯುವುದರೊಳಗೆ ಪಾದ ಮುಚ್ಚುವಷ್ಟು ಎದ್ದಿರುತ್ತದೆ. ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲಿ, ಆಲ್ದೂರು, ಮಲ್ಲಂದೂರು ಕಡೆಯ ಹೋಂಸ್ಟೇಗಳಲ್ಲಿ ಮನೆ ಮುಂದೆ ಹುಲ್ಲು ಹಾಸಿದವರು ಜೂನ್ ಬಂದರೆ ಕೇಳುವುದು ಒಂದೇ ಮಾತು. ಹುಲ್ಲು ಹೊಡೆಯಲು ಯಾವ ಮಿಷನ್ ತಗೊಳ್ಳೋದು? ಕೈಯಲ್ಲಿ ತಳ್ಳುವುದಾ, ಕರೆಂಟಿನದ್ದಾ, ಪೆಟ್ರೋಲಿನದ್ದಾ?

ಆರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಈ ಆಯ್ಕೆ ತಪ್ಪಿತ್ತು. ಲಾನ್ ಇದ್ದದ್ದು ಅರ್ಧ ಗುಂಟೆಗಿಂತ ಕಡಿಮೆ, ತಂದದ್ದು ಪೆಟ್ರೋಲ್ ಮಿಷನ್. ಅಂಗಡಿಯವರು ಜಾಗ ಎಷ್ಟಿದೆ ಎಂದು ಕೇಳಲಿಲ್ಲ, ನಾವೂ ಅಳೆದಿರಲಿಲ್ಲ. ಆರಿದ್ರ ಮಳೆ ಜೋರಾದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದ ಹಾಗೇ ಅದನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದೆವು. ಸೆಪ್ಟೆಂಬರಿನಲ್ಲಿ ಹೊರಗೆ ತಂದು ಎಷ್ಟು ಸಲ ಹಗ್ಗ ಎಳೆದರೂ ಎಂಜಿನ್ ಹತ್ತಲಿಲ್ಲ. ಮೆಕ್ಯಾನಿಕ್ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ನನ್ನ ಕೈಗೆ ಕೊಟ್ಟರು. ತಳದಲ್ಲಿ ಕಾಫಿ ಗಸಿಯ ಬಣ್ಣದ ಅಂಟು ಪದರ. ಉಳಿದ ಚೂರು ಪೆಟ್ರೋಲಿಗೆ ಸೇರದ ಒಂದು ನೀರಿನ ಹನಿ ಅದರ ಮೇಲೆ ಆಚೀಚೆ ಉರುಳುತ್ತಿತ್ತು. "ಮಳೆಗಾಲ ಪೂರ್ತಿ ಪೆಟ್ರೋಲ್ ಹಾಗೇ ಬಿಟ್ಟಿದ್ರಾ ಅಕ್ಕಾ? ಇಷ್ಟು ಲಾನಿಗೆ ಈ ಮಿಷನ್ನೇ ಬೇಕಿರಲಿಲ್ಲ" ಎಂದರು. ಅವರು ಹೇಳಿದ್ದು ಸರಿ. ಆಮೇಲೆ ಕೈಮಿಷನ್ ತಂದೆವು, ಇವತ್ತಿಗೂ ಅದೇ ನಡೆಯುತ್ತಿದೆ.

ಮೊದಲ ಕೆಲಸ: ಅಳತೆ

ಟೇಪ್ ಹಿಡಿದು ಲಾನಿನ ಉದ್ದ ಅಗಲ ಬರೆದುಕೊಳ್ಳಿ. ಬೇಕಾದದ್ದು ಹುಲ್ಲು ಇರುವ ಜಾಗದ ಅಳತೆ ಮಾತ್ರ, ಸೈಟಿನದ್ದಲ್ಲ. 40x60 ಸೈಟಿನಲ್ಲಿ ಮನೆ, ಕಾರು ನಿಲ್ಲಿಸುವ ಜಾಗ, ಸಂಪು, ಹೂವಿನ ಮಡಿ ಎಲ್ಲ ಕಳೆದರೆ ಹುಲ್ಲಿಗೆ 300ರಿಂದ 400 ಚದರ ಅಡಿ ಸಿಕ್ಕರೆ ಅದೇ ದೊಡ್ಡದು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅಂದರೆ 33 ಅಡಿ ಉದ್ದ, 33 ಅಡಿ ಅಗಲ.

ಒಂದು ಗುಂಟೆಗೆ ಎಷ್ಟು ನಡೆಯಬೇಕು ನೋಡೋಣ. ಮಿಷನ್ 14 ಇಂಚು ಅಗಲ ಇದೆ ಎಂದುಕೊಳ್ಳಿ. ಸಾಲಿನ ಮೇಲೆ ಸಾಲು ಸ್ವಲ್ಪ ಹತ್ತಿಸಿಕೊಂಡು ಹೋಗಬೇಕು, ಇಲ್ಲದಿದ್ದರೆ ನಡುವೆ ಗೆರೆ ಗೆರೆಯಾಗಿ ಹುಲ್ಲು ಉಳಿಯುತ್ತದೆ. ಹಾಗಾಗಿ ಲೆಕ್ಕಕ್ಕೆ ಸಿಗುವುದು 12 ಇಂಚು. 33 ಸಾಲು, ಸಾಲಿಗೆ 33 ಅಡಿ. ಒಟ್ಟು ಸುಮಾರು 330 ಮೀಟರ್ ನಡಿಗೆ. ತಿರುಗಿಸುವುದು, ನಿಲ್ಲುವುದು ಸೇರಿ ಅರ್ಧ ಗಂಟೆ. ಇಷ್ಟೇ ಅಲ್ವಾ ಕೆಲಸ? ಈ ಲೆಕ್ಕ ಮಾಡಿದ ಮೇಲೆ ಎಷ್ಟೋ ಜನ ಪೆಟ್ರೋಲ್ ಮಿಷನ್ನಿನ ಆಸೆ ಬಿಡುತ್ತಾರೆ.

ನನ್ನ ಅನುಭವದಲ್ಲಿ ಅರ್ಧ ಗುಂಟೆವರೆಗೆ ಕೈಮಿಷನ್ ಸಾಕು. ಅಲ್ಲಿಂದ ಎರಡು ಮೂರು ಗುಂಟೆವರೆಗೆ ಕರೆಂಟ್ ಅಥವಾ ಬ್ಯಾಟರಿ. ಅದಕ್ಕೂ ಮೇಲೆ ಇದ್ದರೆ ಪೆಟ್ರೋಲ್ ಯೋಚಿಸಿ. ಆದರೆ ಅಳತೆ ಒಂದರಿಂದಲೇ ತೀರ್ಮಾನ ಆಗುವುದಿಲ್ಲ.

ಹುಲ್ಲು ಯಾವುದು, ನೆಲ ಹೇಗಿದೆ

ಗರಿಕೆ ಜಾತಿಯ ಸಣ್ಣ ಎಲೆಯ ಹುಲ್ಲು ಕೈಮಿಷನ್ನಿಗೆ ಚೆನ್ನಾಗಿ ಹೊಂದುತ್ತದೆ. ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಎಂದು ಕೊಡುವುದು ಒತ್ತಾಗಿ ಬೆಳೆಯುತ್ತದೆ, ಎಲೆ ಗಡುಸು. ಬ್ಲೇಡು ಚೂಪಾಗಿದ್ದು, ತಪ್ಪದೆ ಹೊಡೆಯುತ್ತಿದ್ದರೆ ಅದಕ್ಕೂ ಕೈಮಿಷನ್ ನಡೆಯುತ್ತದೆ. ಬಿಟ್ಟರೆ ತಳ್ಳಲು ಕಷ್ಟ. ಅಗಲ ಎಲೆಯ ಹುಲ್ಲಿಗೆ, ಎತ್ತರ ಬಿಟ್ಟು ಬೆಳೆಸುವ ಲಾನಿಗೆ ಕರೆಂಟ್ ಇಲ್ಲವೇ ಪೆಟ್ರೋಲ್ ಮಿಷನ್ ಒಳ್ಳೆಯದು.

ಮನೆ ಹತ್ತಿರ ಸಿಲ್ವರ್ ಓಕ್ ಮರ ಇದೆಯಾ? ಇದನ್ನು ಮರೆಯಬೇಡಿ. ಅದರ ಪೆನ್ಸಿಲ್ ದಪ್ಪದ ಒಣ ಕಡ್ಡಿ ಒಂದು ಸಿಕ್ಕಿಕೊಂಡರೆ ಕೈಮಿಷನ್ ಅಲ್ಲೇ ಗಕ್ಕನೆ ನಿಲ್ಲುತ್ತದೆ. ಪ್ರತಿ ಸಲ ಗುಡಿಸಿಯೇ ಶುರು ಮಾಡಬೇಕು. ದಿನಾ ಕಡ್ಡಿ ಉದುರುವ ಅಂಗಳಕ್ಕೆ ಕೈಮಿಷನ್ ಬೇಡ.

ಇನ್ನು ಇಳಿಜಾರು. ಮಲೆನಾಡಿನ ಮನೆ ಎಂದ ಮೇಲೆ ಸ್ವಲ್ಪ ಇಳಿಜಾರು ಇದ್ದೇ ಇರುತ್ತದೆ. ಹಿಂದೆ ನಿಂತು ತಳ್ಳುವ ಮಿಷನ್ ಯಾವುದೇ ಆಗಲಿ, ಇಳಿಜಾರಿಗೆ ಅಡ್ಡಲಾಗಿ ನಡೆಸಿ. ಮೇಲಿನಿಂದ ಕೆಳಕ್ಕೆ ನಡೆಸಿದರೆ ಕಾಲು ಜಾರಿದಾಗ ಮಿಷನ್ ಕೈ ತಪ್ಪುತ್ತದೆ, ಕೆಳಗಿನಿಂದ ಮೇಲಕ್ಕೆ ನಡೆಸಿದರೆ ಅದು ಮೈಮೇಲೆ ಬರುತ್ತದೆ. ತೀರಾ ಕಡಿದಾದ ಕಡೆ ಮಿಷನ್ ಆಡಿಸಲೇಬೇಡಿ, ಅಲ್ಲಿ ಹುಲ್ಲಿನ ಬದಲು ಗಿಡ ನೆಡಿ.

ಕೈಮಿಷನ್

1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ಮಾಡಿದ ಮೊದಲ ಲಾನ್ ಮಿಷನ್ ಈ ಜಾತಿಯದೇ. ಉಣ್ಣೆ ಬಟ್ಟೆಯ ಮೇಲೆದ್ದ ಜುಂಗನ್ನು ಸಮ ಮಾಡುವ ಗಿರಣಿಯ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತು. ಚಕ್ರ ಉರುಳಿದಂತೆ ಒಂದು ಸುರುಳಿ ತಿರುಗುತ್ತದೆ. ಅದರಲ್ಲಿರುವ ನಾಲ್ಕೈದು ಬ್ಲೇಡುಗಳು ಕೆಳಗಿನ ಪಟ್ಟಿ ಬ್ಲೇಡಿಗೆ ಸವರಿಕೊಂಡು ಹೋಗುತ್ತವೆ. ಹುಲ್ಲು ನಡುವೆ ಸಿಕ್ಕಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗುತ್ತದೆ. ಈ ಕಟಾವು ನೋಡಲು ಬಹಳ ಚೆಂದ. ಕರೆಂಟ್, ಪೆಟ್ರೋಲ್ ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬ್ಲೇಡು ಫ್ಯಾನಿನ ಹಾಗೆ ತಿರುಗಿ, ಹೊಡೆತದ ರಭಸಕ್ಕೆ ಹುಲ್ಲು ಕಡಿಯುತ್ತದೆ. ಅದರ ಬ್ಲೇಡು ಮೊಂಡಾದರೆ ಎರಡು ದಿನದ ಮೇಲೆ ಹುಲ್ಲಿನ ತುದಿ ಹರಿದು ಕಂದಾಗಿ ಕಾಣುತ್ತದೆ.

ಕೈಮಿಷನ್ ಎಲ್ಲಕ್ಕಿಂತ ಅಗ್ಗ. ಸದ್ದಿಲ್ಲ, ಹೊಗೆಯಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೇ ಹೊಡೆದರೂ ಪಕ್ಕದ ಮನೆಯವರಿಗೆ ಎಚ್ಚರ ಆಗುವುದಿಲ್ಲ. ಆದರೆ ಇದಕ್ಕೆ ಒಂದು ಮಿತಿ ಇದೆ. ಹುಲ್ಲು ನಾಲ್ಕು ಇಂಚು ದಾಟಿದರೆ ತುಂಡಾಗುವುದಿಲ್ಲ, ಸುಮ್ನೆ ಬಗ್ಗಿ ಮಲಗುತ್ತದೆ. ಮಿಷನ್ ಮುಂದೆ ಹೋದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಡೆಯಲು ಆಗುತ್ತದೆ ಎನ್ನುವವರು ಮಾತ್ರ ಇದನ್ನು ತಗೊಳ್ಳಿ.

ಬ್ಲೇಡು ಹೊಂದಿದೆಯೋ ಇಲ್ಲವೋ ನೋಡಲು ಪತ್ರಿಕೆಯ ಒಂದು ಪಟ್ಟಿ ಹರಿದುಕೊಳ್ಳಿ. ಅದನ್ನು ಸುರುಳಿಗೂ ಕೆಳಗಿನ ಬ್ಲೇಡಿಗೂ ನಡುವೆ ಹಿಡಿದು, ಬೆರಳು ದೂರ ಇಟ್ಟು, ಸುರುಳಿಯನ್ನು ನಿಧಾನ ತಿರುಗಿಸಿ. ಕಾಗದ ಚಕ್ ಎಂದು ತುಂಡಾಗಬೇಕು. ಮಡಚಿಕೊಂಡರೆ ಅಥವಾ ಹರಿದರೆ ಎರಡು ಬ್ಲೇಡಿನ ಅಂತರ ಸರಿಮಾಡಬೇಕು, ಇಲ್ಲವೇ ಸಾಣೆ ಹಿಡಿಸಬೇಕು. ಎಡ, ಮಧ್ಯ, ಬಲ ಮೂರೂ ಕಡೆ ಹೀಗೆ ನೋಡಿ. ಕೊಳ್ಳುವಾಗ ಅಂಗಡಿಯಲ್ಲೇ ಮಾಡಿ ನೋಡಿ, ಮುಜುಗರ ಬೇಡ.

ಕರೆಂಟಿನ ಮಿಷನ್

ಇದರಲ್ಲಿ ವೈರ್ ಇರುವುದು ಒಂದು, ಬ್ಯಾಟರಿಯದು ಇನ್ನೊಂದು.

ವೈರಿನ ಮಿಷನ್ 1,200ರಿಂದ 1,600 ವಾಟ್ ಇರುತ್ತದೆ. ಒಂದು ಗುಂಟೆಗೆ ಅರ್ಧ ಗಂಟೆ ಓಡಿಸಿದರೆ ಖರ್ಚಾಗುವುದು ಒಂದು ಯೂನಿಟ್‌ಗಿಂತ ಜಾಸ್ತಿ ಇಲ್ಲ. ತೊಂದರೆ ಇರುವುದು ವೈರಿನಲ್ಲಿ. ಟಿವಿಗೆ ಹಾಕುವ ಸಣ್ಣ ಎಕ್ಸ್‌ಟೆನ್ಶನ್ ಬಾಕ್ಸ್ ಇದಕ್ಕೆ ಬೇಡವೇ ಬೇಡ, ವೈರ್ ಬಿಸಿಯಾಗುತ್ತದೆ. ಪವರ್ ಪ್ಲಗ್‌ನಿಂದ, ಅರ್ಥಿಂಗ್ ಸೇರಿ ಮೂರು ಎಳೆಯ 2.5 ಎಂಎಂ ವೈರ್ ಎಳೆಸಿ. ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿನ ಸ್ವಿಚ್, ಅಂದರೆ ಆರ್‌ಸಿಸಿಬಿ ಇರಲೇಬೇಕು. ಮಿಷನ್ ವೈರನ್ನೇ ಕಡಿದರೆ, ಒದ್ದೆ ನೆಲದಲ್ಲಿ ಶಾಕ್ ಪ್ರಾಣಕ್ಕೆ ಎರವಾಗುವ ಮುನ್ನ ಕರೆಂಟ್ ಕಡಿಯುವುದು ಅದು. ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದ ಮೇಲೆಯೇ ಮಿಷನ್ ತನ್ನಿ. ಹುಲ್ಲು ಹೊಡೆಯುವಾಗ ಪ್ಲಗ್ ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗಿ, ಆಗ ವೈರ್ ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರುತ್ತದೆ. ಹುಲ್ಲು ಒದ್ದೆ ಇದ್ದರೆ ಆ ದಿನ ಬೇಡ.

ಬ್ಯಾಟರಿ ಮಿಷನ್‌ಗೆ ಈ ಭಯ ಇಲ್ಲ. ಗಾಳಿ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೂ, ಮೊದಲೇ ಚಾರ್ಜ್ ಮಾಡಿಟ್ಟಿದ್ದರೆ ಕೆಲಸ ನಡೆಯುತ್ತದೆ. ಎಷ್ಟು ಹೊತ್ತು ಓಡುತ್ತದೆ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬುವ ಬದಲು ಗುಣಿಸಿ ನೋಡಿ. 36 ವೋಲ್ಟ್, 4 ಆಂಪ್ ಅವರ್ ಎಂದರೆ 144 ವಾಟ್ ಅವರ್. ಮೋಟಾರು 400 ವಾಟ್ ಎಳೆದರೆ ಸುಮಾರು 20 ನಿಮಿಷ. ಹುಲ್ಲು ದಪ್ಪ ಇದ್ದರೆ ಇನ್ನೂ ಕಡಿಮೆ. ಒಂದು ಗುಂಟೆ ದಾಟಿದ ಲಾನಿಗೆ ಎರಡು ಬ್ಯಾಟರಿ ಬೇಕು, ಆ ಬೆಲೆಯನ್ನೂ ಈಗಲೇ ಸೇರಿಸಿ ನೋಡಿ. ಮಿಷನ್ ಶೆಡ್ಡಿನಲ್ಲಿದ್ದರೂ ಬ್ಯಾಟರಿ ಮನೆಯೊಳಗೆ ಒಣಗಿದ ಜಾಗದಲ್ಲಿರಲಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ.

ಪೆಟ್ರೋಲ್ ಮಿಷನ್

ವಿಡಿಯೋಗಳಲ್ಲಿ ಅಮೆರಿಕದವರು ಗ್ಯಾಸ್ ಮಿಷನ್ ಎನ್ನುವುದು ಇದನ್ನೇ. ಅವರ ಮಾತಿನಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್, ಅಡುಗೆ ಸಿಲಿಂಡರ್ ಅಲ್ಲ.

ದೊಡ್ಡ ಲಾನ್ ಇರುವ ಎಸ್ಟೇಟ್ ಬಂಗಲೆಗೆ, ಹೋಂಸ್ಟೇಗೆ ಇದು ನಿಜಕ್ಕೂ ಉಪಯೋಗ. ವೈರಿನ ಗೊಡವೆ ಇಲ್ಲ, ಎತ್ತರದ ಹುಲ್ಲನ್ನೂ ಎಳೆದು ಹಾಕುತ್ತದೆ. ಭಾರ ಜಾಸ್ತಿ, ಸದ್ದು ಜಾಸ್ತಿ, ಆರೈಕೆಯೂ ಜಾಸ್ತಿ. ಹೊಸ ಮಿಷನ್ನಿನಲ್ಲಿ ಎಷ್ಟೋ ಸಲ ಎಂಜಿನ್ ಆಯಿಲ್ ಇರುವುದೇ ಇಲ್ಲ, ನೋಡದೆ ಸ್ಟಾರ್ಟ್ ಮಾಡಿದರೆ ಎಂಜಿನ್ ಹೋಯಿತು. ಸಾಮಾನ್ಯವಾಗಿ ಮೊದಲ 5 ಗಂಟೆ ಓಡಿದ ಮೇಲೆ ಒಮ್ಮೆ ಆಯಿಲ್ ಬದಲಿಸಬೇಕು. ಏರ್ ಫಿಲ್ಟರ್ ಆಗಾಗ ಸ್ವಚ್ಛ ಮಾಡಬೇಕು.

ತೋಟ ಇರುವವರಿಗೆ ಒಂದು ಮಾತು. ತೋಟದ ಕಳೆ ಹೊಡೆಯುವ ಮಿಷನ್ ಟೂ ಸ್ಟ್ರೋಕ್ ಆಗಿದ್ದರೆ ಅದಕ್ಕೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕುತ್ತಾರೆ. ಲಾನ್ ಮಿಷನ್ ಹೆಚ್ಚಾಗಿ ಫೋರ್ ಸ್ಟ್ರೋಕ್. ಅದಕ್ಕೆ ಬರೀ ಪೆಟ್ರೋಲ್, ಆಯಿಲ್ ಬೇರೆ. ಎರಡು ಕ್ಯಾನಿಗೂ ದೊಡ್ಡದಾಗಿ ಹೆಸರು ಬರೆದಿಡಿ.

ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನಲ್ಲೂ ಪೆಟ್ರೋಲ್ ಉಳಿಯಬಾರದು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಮಲೆನಾಡಿನ ಜುಲೈ ತಿಂಗಳ ತೇವ ಹೇಗಿರುತ್ತದೆ ಎಂದು ನಿಮಗೇ ಗೊತ್ತು, ಬೀರುವಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರುತ್ತದೆ.

ವರ್ಷದ ಆ ಎರಡು ದಿನ

"ವಾರಗಟ್ಟಲೆ ಮಳೆ ಬಿಡದೆ ಹುಲ್ಲು ಮೊಣಕಾಲಿಗೆ ಬಂದರೆ ಏನು ಮಾಡೋದು?" ಈ ಭಯಕ್ಕೇ ಬಹಳ ಜನ ಪೆಟ್ರೋಲ್ ಮಿಷನ್ ತರುತ್ತಾರೆ. ಅಂಥ ದಿನ ವರ್ಷಕ್ಕೆ ಎರಡು ಬಂದರೆ ಹೆಚ್ಚು. ಆಗ ತೋಟದಲ್ಲಿ ಕಳೆ ಹೊಡೆಯುವವರನ್ನು ಅವರ ಮಿಷನ್ ಸಮೇತ ಒಂದು ಗಂಟೆಗೆ ಕರೆಸಿ. ಅವರು ನಾಲ್ಕು ಇಂಚಿಗೆ ಇಳಿಸಿಕೊಡಲಿ. ಮೂರು ನಾಲ್ಕು ದಿನ ಬಿಟ್ಟು ನಿಮ್ಮ ಮಿಷನ್ ಅನ್ನು ಎತ್ತರದ ಅಳತೆಗೆ ಇಟ್ಟು ಹೊಡೆಯಿರಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಸಿ. ಇಂಥ ದಿನ ಬಿಟ್ಟರೆ, ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮೂರು ಇಂಚು ಇದ್ದರೆ ಎರಡಕ್ಕೆ ನಿಲ್ಲಿಸಿ. ಒಮ್ಮೆಲೇ ಬೋಳಿಸಿದರೆ ಹುಲ್ಲು ಹಳದಿಯಾಗಿ ನಡುವೆ ಕಳೆ ನುಗ್ಗುತ್ತದೆ.

ಕಡೂರು, ಅರಸೀಕೆರೆ ಕಡೆಯವರಿಗೆ ಈ ಚಿಂತೆ ಇಲ್ಲ. ಅಲ್ಲಿ ಮಳೆ ಕಡಿಮೆ, ಹುಲ್ಲು ನೀರು ಹಾಕಿದಷ್ಟೇ ಬೆಳೆಯುತ್ತದೆ. ಅಂಥ ಕಡೆ ಒಂದು ಗುಂಟೆ ಲಾನಿಗೂ ನಾನು ಕೈಮಿಷನ್ನೇ ಹೇಳುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆ ಅದೇ ಅಳತೆಗೆ ಬ್ಯಾಟರಿ ಮಿಷನ್ ತಗೊಳ್ಳಿ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಅಂಗಡಿಯಲ್ಲಿ ಮಿಷನ್ ಅನ್ನು ಎತ್ತಿ ನೋಡಿ, ನಿಮ್ಮ ಮನೆಯ ಮೆಟ್ಟಿಲು ಹತ್ತಿಸಲು ಆಗಬೇಕು. ಹ್ಯಾಂಡಲ್ ನಿಮ್ಮ ಸೊಂಟದ ಮಟ್ಟಕ್ಕೆ ಬರಬೇಕು. ಬ್ಲೇಡು, ಬೆಲ್ಟು, ಬ್ಯಾಟರಿ ಇಲ್ಲೇ ಊರಲ್ಲಿ ಸಿಗುತ್ತದಾ, ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳಿ. ಬೆಂಗಳೂರಿಗೆ ಕಳಿಸಬೇಕು ಎಂದರೆ ಬೇರೆ ಮಿಷನ್ ನೋಡಿ.

ಹುಲ್ಲು ಹೊಡೆಯುವ ಮೊದಲು ಒಂದು ಕೋಲು ಹಿಡಿದು ಲಾನ್ ಪೂರ್ತಿ ನಡೆಯಿರಿ. ಕಲ್ಲು, ಕಡ್ಡಿ, ಮಕ್ಕಳ ಆಟದ ಸಾಮಾನು ತೆಗೆಯಿರಿ. ಹಾವು ಇದ್ದರೆ ಹೆಜ್ಜೆಯ ಅದುರಿಗೆ ಹೆಚ್ಚಾಗಿ ಸರಿದುಹೋಗುತ್ತದೆ, ಆದರೂ ನೋಡಿಕೊಂಡೇ ನಡೆಯಿರಿ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿ. ಮಕ್ಕಳು ಒಳಗಿರಲಿ, ತಿರುಗುವ ಬ್ಲೇಡಿಗೆ ಸಿಕ್ಕ ಸಣ್ಣ ಕಲ್ಲು ಬಹಳ ದೂರ ಹಾರುತ್ತದೆ. ಮಿಷನ್ ಕೆಳಗೆ ಕೈ ಹಾಕುವ ಮುನ್ನ ಪ್ಲಗ್ ಕೀಳಿ ಅಥವಾ ಬ್ಯಾಟರಿ ತೆಗೆಯಿರಿ. ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್‌ನ ವೈರ್ ಬಿಡಿಸಿ.

ಕೆಲಸ ಮುಗಿದ ಮೇಲೆ ಬ್ಲೇಡಿಗೆ ಅಂಟಿದ ಹುಲ್ಲನ್ನು ಕಡ್ಡಿಯಿಂದ ಕೆರೆದು, ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ಎಣ್ಣೆ ಸವರಿಡಿ. ಕತ್ತರಿಸಿದ ಹುಲ್ಲು ಸಣ್ಣಗಿದ್ದರೆ ಲಾನಿನಲ್ಲೇ ಬಿಡಿ, ಅದೇ ಗೊಬ್ಬರ. ಮುದ್ದೆಮುದ್ದೆಯಾಗಿದ್ದರೆ ಒಟ್ಟು ಮಾಡಿ, ಸಿಲ್ವರ್ ಓಕ್‌ನ ಒಣ ಎಲೆ ಬೆರೆಸಿ, ಮೆಣಸಿನ ಬಳ್ಳಿಯ ಬುಡಕ್ಕೆ ತೆಳ್ಳಗೆ ಹರಡಿ. ಗುಡ್ಡೆ ಹಾಕಿದರೆ ಒಳಗೆ ಬಿಸಿಯಾಗಿ ವಾಸನೆ ಬರುತ್ತದೆ.