ಎರಡು ನೀರು ಕೂಡುವ ಗಡಿಯಲ್ಲಿ ಮೀನಿನ ಜಾಗ ಹುಡುಕುವ ಬಗೆ

ಹೊರಡುವ ಮುಂಚೆ ನಾನು ಒಂದೇ ದಿನದ ನಕ್ಷೆ ನೋಡಿ ದಿಕ್ಕು ತೀರ್ಮಾನಿಸುವುದಿಲ್ಲ. ಸಮುದ್ರದ ಮೇಲ್ಮೈ ಉಷ್ಣತೆಯ ಏಳೆಂಟು ದಿನದ ಉಪಗ್ರಹ ನಕ್ಷೆಗಳನ್ನು ಸಾಲಾಗಿ ಇಟ್ಟುಕೊಂಡು, ಬಣ್ಣ ಥಟ್ಟನೆ ಬದಲಾಗುವ ಗೆರೆ ಎಲ್ಲಿದೆ ಎಂದು ಹುಡುಕುತ್ತೇನೆ. ನಾಲ್ಕೈದು ಕಿಲೋಮೀಟರಿನೊಳಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದು ನನ್ನ ಲೆಕ್ಕಕ್ಕೆ ಫ್ರಂಟ್, ಅಂದರೆ ಎರಡು ಬೇರೆ ನೀರುಗಳ ಗಡಿ. ಆದರೆ ನಿನ್ನೆಯಷ್ಟೇ ಮೂಡಿದ ಮೂರು ಡಿಗ್ರಿಯ ಗಡಿಗಿಂತ, ವಾರದಿಂದ ಅಲ್ಲೇ ಆಸುಪಾಸಿನಲ್ಲಿ ನಿಂತಿರುವ ಒಂದೂವರೆ ಡಿಗ್ರಿಯ ಗಡಿಗೇ ನಾನು ಡೀಸೆಲ್ ಸುಡುವುದು. ಪೋಷಕಾಂಶ ಮೇಲೆ ಬಂದು ಸಸ್ಯ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ, ಬೆಳೆಯಲು ಕೆಲವು ದಿನ ಬೇಕು. ಅದನ್ನು ತಿನ್ನುವ ಪ್ರಾಣಿ ಪ್ಲವಕ ಹೆಚ್ಚಲು ಇನ್ನೂ ಸಮಯ ಬೇಕು. ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು ಬರುವುದು ಆಮೇಲೆ.

ಇದೇ ಕಾರಣಕ್ಕೆ, ಕೆಳಗಿನ ತಣ್ಣೀರು ಈಗಷ್ಟೇ ಮೇಲೆದ್ದಿರುವ ಜಾಗದ ನಡುಮಧ್ಯಕ್ಕೆ ಹೋಗಿ ಬಲೆ ಬಿಡುವುದು ವ್ಯರ್ಥ. ಆ ನೀರಿನಲ್ಲಿ ಪೋಷಕಾಂಶ ತುಂಬಿದ್ದರೂ ಆಮ್ಲಜನಕ ಕಡಿಮೆ ಇರಬಹುದು, ತಿನ್ನಲು ಏನೂ ಬೆಳೆದಿರುವುದಿಲ್ಲ. ಸೆಳೆತ ಅದನ್ನು ಎತ್ತ ಒಯ್ಯುತ್ತಿದೆ ನೋಡಿ, ಆ ಕಡೆಯ ಅಂಚಿನಲ್ಲಿ ಹುಡುಕಬೇಕು.

ನಕ್ಷೆಗಳು ಮೋಸ ಮಾಡುವ ಬಗೆಗಳೂ ಗೊತ್ತಿರಬೇಕು. ಉಪಗ್ರಹದ ಅವಗೆಂಪು (ಇನ್‌ಫ್ರಾರೆಡ್) ಉಪಕರಣಕ್ಕೆ ಮೋಡದ ಆಚೆ ಕಾಣುವುದಿಲ್ಲ. ಕೆಲವು ನಕ್ಷೆಗಳಲ್ಲಿ ಆ ತೂತುಗಳನ್ನು ಹಳೆಯ ದಿನದ ಅಂಕಿಯಿಂದ ತುಂಬಿರುತ್ತಾರೆ. ಅಲ್ಲಿ ಕಾಣುವ ನುಣುಪಾದ ಗೆರೆ ನಂಬಿಕೆಗೆ ಅರ್ಹವಲ್ಲ. ಮೈಕ್ರೋವೇವ್ ನಕ್ಷೆಗೆ ಮೋಡದ ಕಾಟವಿಲ್ಲ, ಆದರೆ ಅದರ ಒಂದೊಂದು ಚೌಕ ಸುಮಾರು 25 ಕಿಲೋಮೀಟರ್, ಕರಾವಳಿಯ ಹತ್ತಿರ ಉಪಯೋಗಕ್ಕೂ ಬಾರದು. ಗಾಳಿಯಿಲ್ಲದ ಬಿಸಿಲಿನ ಮಧ್ಯಾಹ್ನ ನೀರಿನ ತೆಳು ಮೇಲ್ಪದರ ಎರಡು ಮೂರು ಡಿಗ್ರಿ ಕಾದು ಗಡಿಯನ್ನೇ ಮುಚ್ಚಿಬಿಡುತ್ತದೆ, ಅದಕ್ಕೇ ನಾನು ಬೆಳಗಿನ ಜಾವದ ಚಿತ್ರ ಆರಿಸುತ್ತೇನೆ. ಸಸ್ಯ ಪ್ಲವಕದ ಹಸಿರನ್ನು ತೋರಿಸುವ ಕ್ಲೋರೋಫಿಲ್ ನಕ್ಷೆಯನ್ನೂ ಜೊತೆಗೆ ನೋಡುತ್ತೇನೆ. ನದೀಮುಖದ ಬಳಿ ಮಾತ್ರ ಅದು ಹೂಳನ್ನೇ ಹಸಿರೆಂದು ತೋರಿಸುವುದುಂಟು.

ಮೂರನೆಯದು ಸಮುದ್ರ ಮಟ್ಟದ ನಕ್ಷೆ. ಸುಳಿಗಳು ಸಿಗುವುದು ಇದರಲ್ಲಿ. ಉತ್ತರಾರ್ಧ ಗೋಳದಲ್ಲಿ ಬೆಚ್ಚನೆಯ ಸುಳಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಅದರ ನಡು ಉಬ್ಬಿರುತ್ತದೆ. ತಣ್ಣನೆಯದು ಎದುರು ದಿಕ್ಕಿಗೆ, ನಡು ತಗ್ಗಿರುತ್ತದೆ. ದಕ್ಷಿಣಾರ್ಧದಲ್ಲಿ ತಿರುಗುವ ದಿಕ್ಕು ಅದಲುಬದಲು. ನಾನು ಮೊದಲು ನೋಡುವುದು ಸುಳಿಯ ಅಂಚನ್ನು, ಅದರಲ್ಲೂ ಅದು ಇನ್ನೊಂದು ಪ್ರವಾಹಕ್ಕೆ ಉಜ್ಜಿಕೊಂಡು ಸಾಗುವ ಬದಿಯನ್ನು. ಅಟ್ಲಾಂಟಿಕ್ಕಿನ ಬೆಚ್ಚನೆಯ ಪ್ರವಾಹವಾದ ಗಲ್ಫ್ ಸ್ಟ್ರೀಮಿನಿಂದ ಕಳಚಿಕೊಂಡ ಬೆಚ್ಚನೆಯ ಉಂಗುರಗಳೂ, ಜಪಾನಿನ ಪೂರ್ವಕ್ಕೆ ಬೆಚ್ಚನೆಯ ಕುರೋಶಿಯೋ ಮತ್ತು ತಣ್ಣನೆಯ ಒಯಾಶಿಯೋ ಪ್ರವಾಹಗಳು ಕೂಡುವ ಕಡಲೂ ಮೀನಿಗೆ ಹೆಸರಾಗಿರುವುದು ಇಂಥ ಅಂಚುಗಳಿಂದಲೇ.

ನಕ್ಷೆ ಕೈಗೆ ಬರುವ ಹೊತ್ತಿಗೆ ಹಳತಾಗಿರುತ್ತದೆ. ಹನ್ನೆರಡು ಗಂಟೆ ಹಿಂದಿನ ಚಿತ್ರ, ಸೆಳೆತ ಒಂದು ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ) ಎಂದರೆ ಗಡಿ ಹನ್ನೆರಡು ನಾಟಿಕಲ್ ಮೈಲಿಯವರೆಗೆ ಸರಿದಿರಬಹುದು. ಹಾಗಾಗಿ ಹಿಂದಿನ ಎರಡು ಚಿತ್ರಗಳ ನಡುವೆ ಅದು ಎತ್ತ, ಎಷ್ಟು ಸರಿದಿದೆ ಎಂದು ಅಳೆದು, ಅಷ್ಟನ್ನು ಮುಂದಕ್ಕೆ ಹಾಕಿ ಜಿಪಿಎಸ್‌ನಲ್ಲಿ ಗುರುತು ಇಡುತ್ತೇನೆ.

ಆ ಗುರುತಿನ ಬಳಿ ಗಡಿಯನ್ನು ಅಡ್ಡಲಾಗಿ ಕತ್ತರಿಸುವಂತೆ ಬೋಟ್ ಓಡಿಸಬೇಕು. ಗಡಿಯ ಉದ್ದಕ್ಕೇ ಹೋದರೆ ಥರ್ಮಾಮೀಟರ್ ಗಂಟೆಗಟ್ಟಲೆ ಒಂದೇ ಅಂಕಿ ತೋರಿಸುತ್ತದೆ. ಆರು ನಾಟ್ ವೇಗದಲ್ಲಿ ನಿಮಿಷಕ್ಕೆ ಸುಮಾರು 185 ಮೀಟರ್ ಸಾಗುತ್ತೇವೆ, ನಿಮಿಷಕ್ಕೊಮ್ಮೆ ಉಷ್ಣತೆ ಬರೆದರೆ ಸಾಕು. ದಾಟಿದ ಮೇಲೆ ಎರಡು ಮೈಲಿ ಮುಂದೆ ಹೋಗಿ, ಓರೆಯಾಗಿ ತಿರುಗಿ ಮತ್ತೆ ದಾಟುತ್ತೇನೆ. ಮೂರು ಬಾರಿ ದಾಟಿದರೆ ಗಡಿ ಎತ್ತ ಬಾಗಿದೆ ಎಂದು ತಿಳಿಯುತ್ತದೆ. ಗಡಿ ಬಾಗಿದ ಜಾಗಗಳೇ ನೇರ ಭಾಗಕ್ಕಿಂತ ಒಳ್ಳೆಯವು. ಬೋಟಿನ ತಳದಲ್ಲಿ ಕೂರಿಸಿದ ಸೆನ್ಸರ್ ಎಂಜಿನ್ ಶಾಖಕ್ಕೆ ಅರ್ಧ ಡಿಗ್ರಿ ಹೆಚ್ಚು ತೋರಿಸಿದರೂ ತೊಂದರೆಯಿಲ್ಲ, ಬೇಕಾದದ್ದು ವ್ಯತ್ಯಾಸ ಮಾತ್ರ. ಆದರೂ ಆಗಾಗ ಬಕೆಟ್ಟಿನಲ್ಲಿ ನೀರೆತ್ತಿ ಹೋಲಿಸಿ ನೋಡುವುದು ಒಳ್ಳೆಯದು.

ಸೆಳೆತವನ್ನು ಎರಡೂ ಬದಿಯಲ್ಲಿ ಅಳೆಯುತ್ತೇನೆ. ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಆರು ನಿಮಿಷದಲ್ಲಿ ಎಷ್ಟು ನಾಟಿಕಲ್ ಮೈಲಿ ತೇಲಿದ್ದೇವೆ ನೋಡಿ ಹತ್ತರಿಂದ ಗುಣಿಸಿದರೆ ನಾಟ್ ಸಿಗುತ್ತದೆ. ಗಾಳಿ ಇದ್ದರೆ ಬೋಟ್ ಗಾಳಿಗೇ ಸರಿಯುತ್ತದೆ, ಆಗ ನೀರಿನಲ್ಲಿ ಮುಳುಗಿ ನಿಲ್ಲುವ ಬಟ್ಟೆಯ ಡ್ರೋಗ್ ಕಟ್ಟಿದ ತೇಲುಬುರುಡೆಯನ್ನು ಬಿಟ್ಟು ಅದರ ಜಾಡು ಹಿಡಿಯಬೇಕು.

ನೊರೆಯ ಗೆರೆ ಕಂಡ ತಕ್ಷಣ ಹಿಗ್ಗುವುದು ಬೇಡ. ಗಾಳಿಯ ದಿಕ್ಕಿಗೆ ಸಮಾನಾಂತರವಾಗಿ, ಕೆಲವು ಹತ್ತು ಮೀಟರ್ ಅಂತರದಲ್ಲಿ ಸಾಲುಸಾಲು ಗೆರೆಗಳಿದ್ದರೆ ಅದು ಗಾಳಿಯೇ ಹುಟ್ಟಿಸಿದ ಸುರುಳಿ ಹರಿವು. ಫ್ರಂಟಿನದು ಸಾಮಾನ್ಯವಾಗಿ ಒಂಟಿ ಗೆರೆ, ಅಂಕುಡೊಂಕು. ಎರಡೂ ಬದಿಯ ಬಣ್ಣ, ಕೆಲವೊಮ್ಮೆ ಅಲೆಯ ಸ್ವರೂಪವೂ ಬೇರೆ. ಕಸ, ಮರದ ದಿಮ್ಮಿ, ಕಡಲಕಳೆ ಅಲ್ಲಿ ಬಂದು ಸೇರುತ್ತವೆ, ಯಾಕೆಂದರೆ ಎರಡು ಕಡೆಯ ನೀರು ಅಲ್ಲಿ ಕೂಡಿ ಕೆಳಗಿಳಿಯುತ್ತದೆ, ತೇಲುವುದು ಮೇಲೇ ಉಳಿಯುತ್ತದೆ.

ಇನ್ನು ಯಾವ ಬದಿ? ಪ್ಲವಕ ತಿನ್ನುವ ಸಣ್ಣ ಮೀನಿಗೆ ಹಸಿರು ಬದಿ. ಆಲ್ಬಕೋರ್ ಟ್ಯೂನಾದಂಥವು ಕಣ್ಣಿನಿಂದ ಬೇಟೆಯಾಡುತ್ತವೆ, ಅವು ಬೆಚ್ಚನೆಯ, ತಿಳಿಯಾದ ನೀಲಿ ನೀರಿನ ಬದಿಯಲ್ಲಿ ನಿಂತು ಗಡಿಗೆ ಬಾಯಿ ಹಾಕುತ್ತವೆ.

ಸಾಮಾನು ಹಾಳಾಗುವುದೂ ಇಲ್ಲೇ. ಉದ್ದಗಾಳವನ್ನು, ಅಂದರೆ ಸಾಲಾಗಿ ಕೊಕ್ಕೆ ಕಟ್ಟಿದ ಉದ್ದ ಹಗ್ಗವನ್ನು, ಗಡಿಗೆ ಅಡ್ಡವಾಗಿ ಬಿಟ್ಟರೆ ಒಂದು ತುದಿ ಒಂದು ನೀರಿನ ಜೊತೆ, ಇನ್ನೊಂದು ತುದಿ ಇನ್ನೊಂದರ ಜೊತೆ ಹೋಗಿ ಹಗ್ಗ ಸಿಕ್ಕಾಗುತ್ತದೆ. ಮೇಲಿನ ಮತ್ತು ಕೆಳಗಿನ ನೀರಿನ ವೇಗ ಬೇರೆಯಾಗಿದ್ದರೆ ಕೊಕ್ಕೆಗಳು ಮೇಲೆದ್ದು ಲೆಕ್ಕ ಹಾಕಿದ ಆಳಕ್ಕೆ ಇಳಿಯುವುದೇ ಇಲ್ಲ. ನಾನು ಬೇಕಾದ ಬದಿಯಲ್ಲಿ ಒಂದೆರಡು ಮೈಲಿ ಬಿಟ್ಟು ಗಡಿಗೆ ಸಮಾನಾಂತರವಾಗಿ ಬಿಡುತ್ತೇನೆ. ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬೀಡುಬಲೆಯನ್ನು ಕಸದ ಗೆರೆಯೊಳಗೆ ಬಿಟ್ಟರೆ ಮೀನಿಗಿಂತ ಕಳೆಯೇ ಹೆಚ್ಚು. ಗೆರೆ ದಾಟುವಾಗ ವೇಗ ತಗ್ಗಿಸಿ, ಎಂಜಿನ್ ತಂಪುನೀರಿನ ಜಾಲರಿಯ ಮೇಲೂ ಕಣ್ಣಿಡಬೇಕು.

ಎರಡು ದಿನ ಜೋರು ಗಾಳಿ ಬೀಸಿದರೆ ಮೇಲಿನ ಪದರ ಕಲಕಿಹೋಗಿ ನಕ್ಷೆಯಲ್ಲಿ ಗಡಿ ಮಾಯವಾಗಬಹುದು. ಕೆಳಗೆ ಅದು ಇನ್ನೂ ಇರುವುದುಂಟು. ಆಗ ಹಳೆಯ ಗುರುತಿನ ಎರಡೂ ಕಡೆ ಉಷ್ಣಮಾಪಕವನ್ನು ಹಗ್ಗದಲ್ಲಿ 30, 50, 80 ಮೀಟರಿಗೆ ಇಳಿಸಿ ನೋಡುತ್ತೇನೆ. ಆಳದಲ್ಲಿ ವ್ಯತ್ಯಾಸ ಉಳಿದಿದ್ದರೆ ಅಲ್ಲೇ ಗಾಳ ಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಗುರುತಿಗೆ.