ಒಂದನೆಯ ತರಗತಿಗೆ ಕಾಲಿಡುವ ಮಗು

ಧಾರವಾಡದಲ್ಲಿ ಶಾಲೆಗಳು ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಆದ್ದರಿಂದ ರಜೆಯಲ್ಲಿ ತಡವಾಗಿ ಮಲಗಿ ರೂಢಿಯಾದ ಮಗುವನ್ನು ಮೇ ತಿಂಗಳ ಮಧ್ಯದಿಂದಲೇ ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಮಲಗಿಸುತ್ತ ಬನ್ನಿ. ರೇನ್‌ಕೋಟಿನ ಗುಂಡಿ ಹಾಕುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಶೌಚಕ್ಕೆ ಹೋಗಬೇಕೆಂದು ಸಂಕೋಚವಿಲ್ಲದೆ ಕೇಳುವುದು, ಇವು ಅಕ್ಷರಾಭ್ಯಾಸಕ್ಕಿಂತ ಮೊದಲು ಬರಬೇಕಾದ ವಿದ್ಯೆಗಳೆಂದು ನಾನು ನಂಬಿದ್ದೇನೆ.

ಗೇಟಿನ ಬಳಿ ಮಗು ಅತ್ತರೆ ಅದರ ಕಣ್ಣು ತಪ್ಪಿಸಿ ಬರಬೇಡಿ. ಹಾಗೆ ಮಾಡಿದರೆ ಮರುದಿನ ಅದು ನಿಮ್ಮ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಯಾವಾಗ ಕರೆದೊಯ್ಯಲು ಬರುತ್ತೀರೆಂದು ಹೇಳಿ, ಬೀಳ್ಕೊಟ್ಟು, ಹೇಳಿದ ಹೊತ್ತಿಗೆ ತಪ್ಪದೆ ಅಲ್ಲಿರಿ.

ಭಾಷೆಯ ವಿಷಯದಲ್ಲಿ ನಮ್ಮ ಭಾಗದ ಪಾಲಕರು ಹೆಚ್ಚು ಎಚ್ಚರ ವಹಿಸಬೇಕು. ಮನೆಯಲ್ಲಿ ‘ಬರ್ರಿ’, ‘ಹೋಗೂಣು’ ಎನ್ನುವ ಮಗುವಿಗೆ, ಅಥವಾ ಹುಬ್ಬಳ್ಳಿಯ ಎಷ್ಟೋ ಮನೆಗಳಂತೆ ಉರ್ದು, ಮರಾಠಿ ಆಡುವ ಮಗುವಿಗೆ, ಪುಸ್ತಕದ ಕನ್ನಡ ಹೊಸದೆನಿಸುತ್ತದೆ. ಮನೆಮಾತು ತಪ್ಪೆಂದು ತಿದ್ದಿದರೆ ಅದು ತರಗತಿಯಲ್ಲಿ ಬಾಯಿಯನ್ನೇ ತೆರೆಯದೆ ಉಳಿಯಬಹುದು. ದಿನವೂ ರಾತ್ರಿ ಒಂದು ಕಥೆಯನ್ನು ಪುಸ್ತಕ ನೋಡಿ ಗಟ್ಟಿಯಾಗಿ ಓದಿ, ಅದರ ಬಗ್ಗೆ ಮನೆಮಾತಿನಲ್ಲೇ ಮಾತಾಡಿ.

ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನೆರೆಮನೆಯ ಮಗುವಿನೊಡನೆ ಹೋಲಿಸುವುದು ಸಲ್ಲದು. ಪ್ರತಿದಿನ ಬೆಳಗ್ಗೆ ಹೊಟ್ಟೆನೋವೆಂದು ಹೇಳುತ್ತಿದ್ದರೆ ವೈದ್ಯರಿಗೆ ತೋರಿಸುವುದರ ಜೊತೆಗೆ ಶಿಕ್ಷಕರನ್ನೂ ಭೇಟಿಯಾಗಿ. ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009 ಸ್ಪಷ್ಟವಾಗಿ ನಿಷೇಧಿಸಿದೆ.