ಸವಾರಿ ಮುಗಿದ ಸಂಜೆ ಜೆಟ್ ಸ್ಕೀಗೆ ಮಾಡಬೇಕಾದ ಆರೈಕೆ

ಇಡೀ ದಿನ ನೀರಿನ ಮೇಲೆ ಓಡಾಡಿ ದಣಿದವರಿಗೆ, ಜೆಟ್ ಸ್ಕೀಯನ್ನು ಟ್ರೇಲರಿಗೆ ಏರಿಸಿ, ಹೊದಿಕೆ ಹಾಕಿ, ಉಳಿದ ಕೆಲಸವನ್ನು ನಾಳೆ ನೋಡಿಕೊಂಡರಾಯಿತು ಎನಿಸುವುದು ಸಹಜ. ಆದರೆ ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇಂಜಿನ್ನಿನ ಬಿಸಿಗೆ ನೀರು ಆರುತ್ತ ಬಂದಂತೆ ಆ ಉಪ್ಪು ತಂಪು ನೀರು ಹರಿಯುವ ಕಿರಿದಾದ ಹಾದಿಗಳ ಒಳಗೋಡೆಗೆ ಹತ್ತಿಕೊಳ್ಳುತ್ತದೆ. ಅಂದೇ ಸಂಜೆ ನಲ್ಲಿಯ ನೀರಿಗೆ ಕರಗಿ ಹೋಗುತ್ತಿದ್ದ ಉಪ್ಪು, ವಾರ ಕಳೆದರೆ ಕೆರೆದರೂ ಬಿಡದ ಹಕ್ಕಳೆಯಾಗಿ ನಿಲ್ಲುತ್ತದೆ. ಕೆರೆ ಹೊಳೆಗಳಲ್ಲಿ ಓಡಿಸುವವರಿಗೆ ಉಪ್ಪಿನ ಕಾಟವಿಲ್ಲವಾದರೂ ಮರಳು, ಕೆಸರು ಮತ್ತು ಪಾಚಿಯ ಕಾಟ ತಪ್ಪಿದ್ದಲ್ಲ.

ನೀರಿನಿಂದ ಮೇಲೆ ಬಂದ ಕೂಡಲೇ, ಇನ್ನೂ ದಡದಲ್ಲಿರುವಾಗಲೇ, ಟ್ರೇಲರಿನ ಮುಂಭಾಗ ಎತ್ತರದಲ್ಲಿರುವಂತೆ ನಿಲ್ಲಿಸಿ ಹಿಂಬದಿಯ ಡ್ರೈನ್ ಪ್ಲಗ್‌ಗಳನ್ನು ಬಿಚ್ಚಿ, ಒಡಲಲ್ಲಿ ಸೇರಿದ ನೀರನ್ನೆಲ್ಲ ಹರಿಯಬಿಡಬೇಕು. ಅನಂತರ ಪಂಪಿಗೆ ನೀರು ಒಳಸೇರುವ ತಳದ ಜಾಲರಿಯನ್ನು ನೋಡಬೇಕು. ಇಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರವನ್ನು ಕಳಚಿ ಜೇಬಿಗೆ ಹಾಕಿಕೊಂಡ ಮೇಲಷ್ಟೇ ಅಲ್ಲಿಗೆ ಕೈ ಹಾಕಬೇಕೆಂಬುದನ್ನು ಯಾವ ಅವಸರದಲ್ಲೂ ಮರೆಯಬಾರದು. ಜಾಲರಿಗೆ ಸಿಕ್ಕಿಕೊಂಡ ಹುಲ್ಲು, ಪಾಚಿ, ಪ್ಲಾಸ್ಟಿಕ್ ಚೂರುಗಳನ್ನು ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿದರೆ, ಕೆಲವೊಮ್ಮೆ ಪಂಪನ್ನು ತಿರುಗಿಸುವ ದಂಡವಾದ ಶಾಫ್ಟಿಗೆ ಕೂದಲೆಳೆಯಷ್ಟು ಸಣ್ಣಗೆ ಹೊಳೆಯುವ ಗಾಳದ ದಾರ ಬಿಗಿಯಾಗಿ ಸುತ್ತಿಕೊಂಡಿರುವುದು ಕಾಣುತ್ತದೆ. ಅದನ್ನು ಹಾಗೇ ಬಿಟ್ಟರೆ ಶಾಫ್ಟಿನ ಸೀಲ್ ಹಾಳಾಗಬಹುದು. ನೀರನ್ನು ಹಿಂದಕ್ಕೆ ತಳ್ಳಿ ವಾಹನವನ್ನು ಓಡಿಸುವ ಇಂಪೆಲ್ಲರಿನ ಅಲಗುಗಳ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಎಳೆದು ನೋಡಿ. ಕಲ್ಲಿನ ಹರಳು ಬಡಿದು ಎದ್ದ ಸಣ್ಣ ಮುಕ್ಕು ಕಣ್ಣಿಗಿಂತ ಮೊದಲು ಉಗುರಿಗೆ ತಿಳಿಯುತ್ತದೆ. ಅಂಚು ಮುಕ್ಕಾದರೆ ಪಂಪಿನಲ್ಲಿ ನೀರಿನ ಹಿಡಿತ ತಪ್ಪಿ, ಇಂಜಿನ್ ಎಷ್ಟು ಅಬ್ಬರಿಸಿದರೂ ವೇಗ ಮೇಲೇರುವುದಿಲ್ಲ.

ಒಂದು ಜಲಾಶಯದ ನೀರನ್ನು, ಕಸವನ್ನು ಇನ್ನೊಂದಕ್ಕೆ ಒಯ್ಯದಿರುವುದೂ ಈ ಕೆಲಸದ ಭಾಗವೇ. 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡ ಜೀಬ್ರಾ ಮಸ್ಸೆಲ್ ಎಂಬ ಹೊರನಾಡಿನ ಚಿಪ್ಪುಜೀವಿ, ಅಲ್ಲಿಂದ ಎಷ್ಟೋ ಕೆರೆಗಳಿಗೆ ಹಬ್ಬಿದ್ದು ಟ್ರೇಲರುಗಳ ಮೇಲೆ ಸಾಗಿದ ಸಣ್ಣ ದೋಣಿಗಳ ಮೂಲಕ. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲವಾದ್ದರಿಂದ ಒಡಲಿನ ನೀರನ್ನು ಆಯಾ ದಡದಲ್ಲೇ ಬಸಿದು, ಬೇರೆ ನೀರಿಗೆ ಇಳಿಸುವ ಮುನ್ನ ವಾಹನವನ್ನು ಪೂರ್ತಿ ಒಣಗಿಸುವುದೇ ದಾರಿ.

ಇನ್ನು ಇಂಜಿನ್ನನ್ನು ಒಳಗಿನಿಂದ ತೊಳೆಯುವ ವಿಚಾರ. ಹೆಚ್ಚು ಎಚ್ಚರ ಬೇಡುವುದು ಇದೇ. ಹೋಸ್ ಪೈಪನ್ನು, ತೊಳೆಯುವ ನೀರು ಒಳಹೋಗಲೆಂದೇ ಇರುವ ಫ್ಲಶ್ ಕನೆಕ್ಟರಿಗೆ ಸಿಕ್ಕಿಸಿ, ಮೊದಲು ಇಂಜಿನ್ ಚಾಲೂ ಮಾಡಬೇಕು, ಆ ಕೂಡಲೇ ನಲ್ಲಿ ತಿರುಗಿಸಬೇಕು. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ಈ ಕ್ರಮ ತಿರುಗುಮುರುಗಾದರೆ, ನಿಂತ ಇಂಜಿನ್ನಿನಲ್ಲಿ ನೀರನ್ನು ಹೊರಕ್ಕೆ ತಳ್ಳುವ ಹೊಗೆಯ ಒತ್ತಡವಿಲ್ಲದ ಕಾರಣ, ನೀರು ಎಗ್ಸಾಸ್ಟಿನ ಹಾದಿಯಲ್ಲಿ ಹಿಮ್ಮುಖವಾಗಿ ಏರಿ ಸಿಲಿಂಡರಿಗೆ ನುಗ್ಗಬಹುದು. ನೀರು ಗಾಳಿಯಂತೆ ಅದುಮಿದರೆ ಕುಗ್ಗುವ ವಸ್ತುವಲ್ಲ. ಆ ಸ್ಥಿತಿಯಲ್ಲಿ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವಷ್ಟು ಅನಾಹುತವಾಗುತ್ತದೆ. ನೀರಿಲ್ಲದೆ ಇಂಜಿನ್ ಓಡಿಸುವುದೂ ಅಷ್ಟೇ ಕೆಟ್ಟದ್ದು, ಏಕೆಂದರೆ ಎಗ್ಸಾಸ್ಟಿನ ರಬ್ಬರ್ ಕೊಳವೆಗಳು ಕೆಲವೇ ಕ್ಷಣಗಳಲ್ಲಿ ಕಾದು ಸುಡತೊಡಗುತ್ತವೆ. ನಲ್ಲಿ ಮುಚ್ಚಿದ ಮೇಲೆ ಥ್ರಾಟಲನ್ನು ಎರಡು ಮೂರು ಬಾರಿ ಚಿಕ್ಕದಾಗಿ ಒತ್ತಿದರೆ ಒಳಗುಳಿದ ನೀರು ಹಿಂದಿನಿಂದ ಚಿಮ್ಮಿ ಹೋಗುತ್ತದೆ. ಚಿಮ್ಮುವುದು ನಿಂತೊಡನೆ ಇಂಜಿನ್ ಆರಿಸಬೇಕು. ಎಷ್ಟು ನಿಮಿಷ ಓಡಿಸಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಅದಕ್ಕೆ ತಯಾರಕರ ಕೈಪಿಡಿಯ ಮಾತೇ ಕೊನೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ಈ ಕೆಲಸ ಬಯಲಿನಲ್ಲೇ ಆಗಬೇಕು, ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಬೇಡ.

ಜೆಟ್ ಸ್ಕೀ ಎಂಬುದು ವಾಸ್ತವವಾಗಿ ಕವಾಸಾಕಿ ಕಂಪನಿಯ ವ್ಯಾಪಾರನಾಮ. ರೂಢಿಯಲ್ಲಿ ಇಂಥ ಎಲ್ಲ ವಾಹನಗಳಿಗೂ ಅದೇ ಹೆಸರು ನಿಂತಿದೆ. ಆದರೆ ಎಲ್ಲವುಗಳ ಒಳವ್ಯವಸ್ಥೆ ಒಂದೇ ಅಲ್ಲ. ಕವಾಸಾಕಿ ಮತ್ತು ಯಮಾಹಾ ವಾಹನಗಳಲ್ಲಿ ಹೊರಗಿನ ನೀರೇ ಇಂಜಿನ್ನನ್ನು ತಂಪುಮಾಡಿದರೆ, ಸೀ-ಡೂವಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕಾರಿನಲ್ಲಿರುವಂತೆ ಮುಚ್ಚಿದ ಹಾದಿಯೊಳಗೆ ಕೂಲಂಟ್ ಸುತ್ತುತ್ತದೆ. ಹಾಗೆಂದು ಅದನ್ನು ತೊಳೆಯದೆ ಬಿಡುವಂತಿಲ್ಲ. ಅದರ ಎಗ್ಸಾಸ್ಟಿಗೆ ಹರಿಯುವುದೂ ಅದೇ ಉಪ್ಪುನೀರು.

ತೊಳೆದಾದ ಮೇಲೆ ಸೀಟನ್ನು ತೆಗೆದು ಇಂಜಿನ್ ಇರುವ ಒಡಲಿಗೆ ಗಾಳಿಯಾಡಲು ಬಿಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂರುತ್ತದೆ. ವಾಸನೆ ಬಂದರೆ ಅದರ ಮೂಲ ಹುಡುಕದೆ ಮತ್ತೆ ಸ್ಟಾರ್ಟ್ ಮಾಡಬಾರದು. ಒಳಗೆ ಉಪ್ಪುನೀರು ಸಿಡಿದಿದ್ದರೆ ಮೆಲುವಾದ ಧಾರೆಯಲ್ಲಿ ಮಾತ್ರ ತೊಳೆಯಿರಿ, ಪ್ರೆಷರ್ ವಾಷರ್ ಬೇಡ, ಏಕೆಂದರೆ ಆ ರಭಸಕ್ಕೆ ವೈರಿಂಗ್ ಜೋಡಣೆಗಳೊಳಗೆ ನೀರು ಹೊಕ್ಕುತ್ತದೆ. ಒಣಬಟ್ಟೆಯಿಂದ ಒರೆಸುವಾಗ ಹೋಸ್ ಕ್ಲಾಂಪುಗಳ ಸುತ್ತ ಕಣ್ಣಿಡಿ. ಅಲ್ಲಿ ಸುಣ್ಣದ ಗೆರೆಯಂಥ ಬಿಳಿ ಹುಡಿ ಕಂಡರೆ ಕ್ಲಾಂಪ್ ಸಡಿಲವಾಗಿ ನೀರು ಒಸರುತ್ತಿರಬಹುದು. ದೊಡ್ಡ ಸೋರಿಕೆಯ ಮೊದಲ ಸುಳಿವು ಅದು. ಇಂಜಿನ್ ತಣಿದ ಮೇಲೆ ಲೋಹದ ಭಾಗಗಳಿಗೆ ತುಕ್ಕುನಿರೋಧಕ ಸ್ಪ್ರೇ ಹೊಡೆದು, ಅದರ ಆವಿ ಹೋಗುವವರೆಗೆ ಸೀಟನ್ನು ತೆರೆದೇ ಇಡಿ.

ಹೊರಮೈಗೆ ಮೃದುವಾದ ಸೋಪು, ಸಿಹಿನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಲೈಫ್ ಜಾಕೆಟ್ಟುಗಳನ್ನು ಜಾಲಿಸಿ ನೆರಳಿನಲ್ಲಿ ಒಣಹಾಕಿ. ಟ್ರೇಲರನ್ನು ಹಲವರು ಮರೆಯುತ್ತಾರೆ. ಅದರ ಚಕ್ರ, ಸ್ಪ್ರಿಂಗ್, ಬ್ರೇಕ್ ಎಲ್ಲವೂ ಅದೇ ಉಪ್ಪುನೀರಿನಲ್ಲಿ ಮುಳುಗಿ ಎದ್ದಿರುತ್ತವೆ. ತಿಂಗಳುಗಟ್ಟಲೆ ಓಡಿಸುವುದಿಲ್ಲವಾದರೆ ಪೆಟ್ರೋಲಿಗೆ ಅದು ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡುವುದು ಒಳ್ಳೆಯದು.

ಡ್ರೈನ್ ಪ್ಲಗ್‌ಗಳನ್ನು ಒಡಲು ಒಣಗುವವರೆಗೆ ಹಾಕಬೇಕಾಗಿಲ್ಲ. ಆದರೆ ಅವು ಬಿಚ್ಚಿವೆಯೆಂಬುದು ಮರೆತು ನೀರಿಗಿಳಿಸಿದರೆ ವಾಹನ ಕಣ್ಣೆದುರೇ ಮುಳುಗತೊಡಗುತ್ತದೆ. ಆದ್ದರಿಂದ, ಬಿಚ್ಚಿ ತೆಗೆಯುವಂಥ ಪ್ಲಗ್‌ಗಳಾದರೆ ಅವುಗಳನ್ನು ಕಿಲ್ ಸ್ವಿಚ್ಚಿನ ದಾರದ ಜೊತೆಗೆ ಒಂದೇ ಚೀಲದಲ್ಲಿ ಹಾಕಿ ಹ್ಯಾಂಡಲಿಗೆ ಕಟ್ಟಿಡಿ. ಆಗ ಮುಂದಿನ ಸಲ ದಾರಕ್ಕೆಂದು ಕೈ ಹಾಕಿದಾಗ ಪ್ಲಗ್‌ಗಳೇ ಮೊದಲು ಕೈಗೆ ತಗಲುತ್ತವೆ.